‘ಮರುವ್ಯಾಖ್ಯಾನಿಸು’: ಈ ಪದವನ್ನು ಯಾವಾಗ, ಹೇಗೆ ಬಳಸಬೇಕು?

ಬೇರೆಯವರು ಬರೆದ ಕನ್ನಡವನ್ನು ಓದಿ ತಿದ್ದುವುದು ನನ್ನ ದಿನದ ಕೆಲಸ. ಲೇಖನ, ಅನುವಾದ, ಪುಸ್ತಕದ ಬೆನ್ನುಡಿ, ಭಾಷಣ, ಜಾಹೀರಾತು, ಎಲ್ಲವೂ ಮೇಜಿಗೆ ಬರುತ್ತವೆ. ಕೆಲವು ವರ್ಷಗಳಿಂದ ಒಂದು ಪದ ಜಾಸ್ತಿ ಕಣ್ಣಿಗೆ ಬೀಳುತ್ತಿದೆ. ‘ಮರುವ್ಯಾಖ್ಯಾನಿಸು.’ ಒಬ್ಬರು ಗೆಳೆತನವನ್ನು ಮರುವ್ಯಾಖ್ಯಾನಿಸಿರುತ್ತಾರೆ. ಇನ್ನೊಬ್ಬರು ಯಶಸ್ಸನ್ನು. ಒಂದು ಜಾಹೀರಾತು ನಿದ್ದೆಯನ್ನೇ ಮರುವ್ಯಾಖ್ಯಾನಿಸಿತ್ತು, ಅದು ಹಾಸಿಗೆಯ ಜಾಹೀರಾತು.

ಪದ ಕೆಟ್ಟದ್ದಲ್ಲ. ಒಳ್ಳೆಯ ಪದ, ಬೇಕಾದ ಪದ. ಇದನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಹೇಳಲಾಗದ ಒಂದು ಕೆಲಸ ಇದಕ್ಕಿದೆ. ಸಿಕ್ಕ ಸಿಕ್ಕ ಕಡೆ ಬಳಸಿದರೆ ಆ ಕೆಲಸಕ್ಕೆ ಬೇಕಾದಾಗ ಪದದಲ್ಲಿ ಬಲವೇ ಇರುವುದಿಲ್ಲ. ಹಾಗಾಗಿ, ಬರೆಯುವವರಿಗೆ, ಅನುವಾದ ಮಾಡುವವರಿಗೆ, ಪಾಠ ಹೇಳುವವರಿಗೆ ಉಪಯೋಗಕ್ಕೆ ಬರಲಿ ಅಂತ ನಾನು ತಿದ್ದುವಾಗ ಅನುಸರಿಸುವ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪದವನ್ನು ಬಿಡಿಸಿ ನೋಡಿ

ಮರು + ವ್ಯಾಖ್ಯಾನ + ಇಸು. ಮೂರು ತುಂಡು.

ಕೊನೆಯದು ಸುಲಭ. ‘ಇಸು’ ಅನ್ನುವುದು ಕನ್ನಡದಲ್ಲಿ ನಾಮಪದವನ್ನು ಕ್ರಿಯಾಪದ ಮಾಡುವ ಪ್ರತ್ಯಯ. ಪ್ರೀತಿಯಿಂದ ಪ್ರೀತಿಸು, ಸಾಧನೆಯಿಂದ ಸಾಧಿಸು, ಯೋಚನೆಯಿಂದ ಯೋಚಿಸು. ಹಾಗೆಯೇ ವ್ಯಾಖ್ಯಾನದಿಂದ ವ್ಯಾಖ್ಯಾನಿಸು. ಸಂಸ್ಕೃತದಿಂದ ಬಂದ ನೂರಾರು ಪದಗಳನ್ನು ಕನ್ನಡ ಹೀಗೇ ತನ್ನ ಕೆಲಸಕ್ಕೆ ಹಚ್ಚಿಕೊಂಡಿದೆ.

‘ವ್ಯಾಖ್ಯಾನ’ದ ಒಳಗೆ ‘ಖ್ಯಾ’ ಅನ್ನುವ ಧಾತು ಇದೆ. ಹೇಳು ಅಂತ ಅದರ ಅರ್ಥ. ಬಿಡಿಸಿ ಹೇಳುವುದು, ವಿವರಿಸಿ ಹೇಳುವುದು ವ್ಯಾಖ್ಯಾನ. ಗಮಕದ ಕಾರ್ಯಕ್ರಮಕ್ಕೆ ಹೋದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ, ಅದು ವಾಚನ. ಪಕ್ಕದಲ್ಲಿ ಕೂತವರು ಆ ಪದ್ಯವನ್ನು ಬಿಡಿಸಿ ಹೇಳುತ್ತಾರೆ, ಅದು ವ್ಯಾಖ್ಯಾನ. ಪದ್ಯ ಒಬ್ಬರ ಬಾಯಲ್ಲಿ, ಅರ್ಥ ಇನ್ನೊಬ್ಬರ ಬಾಯಲ್ಲಿ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಮೊದಲ ತುಂಡು, ‘ಮರು’. ಇದು ಅಚ್ಚ ಕನ್ನಡ. ಸುಮ್ನೆ ‘ಮತ್ತೆ’ ಅಂತ ಅರ್ಥ ಹೇಳಿ ಮುಂದೆ ಹೋಗಿಬಿಡುತ್ತೇವೆ, ಆದರೆ ಅದರಲ್ಲಿ ಇನ್ನೂ ಇದೆ. ಮರುದಿನ ಅಂದರೆ ಅದೇ ದಿನ ಮತ್ತೆ ಬರುವುದಲ್ಲ, ಅದರ ನಂತರದ ದಿನ. ಮರುಹುಟ್ಟು ಅಂದರೆ ಇನ್ನೊಮ್ಮೆ ಹುಟ್ಟುವುದು. ಮರುಮಾತು ಅಂದರೆ ಒಂದು ಮಾತಿಗೆ ತಿರುಗಿ ಆಡುವ ಮಾತು, ಉತ್ತರ. ಮರುವ್ಯಾಖ್ಯಾನದಲ್ಲಿ ಈ ಮೂರೂ ಇವೆ ಅಂತ ನನಗನಿಸುತ್ತದೆ. ಅದು ಹಳೆಯ ವ್ಯಾಖ್ಯಾನದ ನಂತರ ಬರುತ್ತದೆ. ಅರ್ಥವನ್ನು ಇನ್ನೊಮ್ಮೆ ಹುಟ್ಟಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಅರ್ಥಕ್ಕೆ ಅದು ಮರುಮಾತು. ಮೊದಲು ಒಂದು ಮಾತು ಇರದೆ ಮರುಮಾತು ಹೇಗೆ ಬರುತ್ತದೆ, ಅಲ್ವಾ?

ಈ ಪದದ ಬಳಕೆಯೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ಬರೆಯುವ ಮುಂಚೆ ಮೂರು ಪ್ರಶ್ನೆ

ಪದ ಪೆನ್ನಿನ ತುದಿಗೆ ಬಂದಾಗ ಒಂದು ಕ್ಷಣ ನಿಂತು ಕೇಳಿಕೊಳ್ಳಿ. ಹಾಗೇ ಉಳಿದಿರುವುದು ಏನು? ಅದಕ್ಕೆ ಇದ್ದ ಹಳೆಯ ಅರ್ಥ ಯಾವುದು? ಹೊಸ ಅರ್ಥ ಯಾವುದು, ಯಾವ ಆಧಾರದ ಮೇಲೆ?

ಮೂರಕ್ಕೂ ಉತ್ತರ ಇದ್ದರೆ ಧೈರ್ಯವಾಗಿ ಬರೆಯಿರಿ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಬೇರೆ ಪದ ಹುಡುಕಬೇಕು.

ಮೂರಕ್ಕೂ ಸರಿಯಾಗಿ ಉತ್ತರ ಸಿಗುವ ಒಂದು ಕಥೆ ಹೇಳುತ್ತೇನೆ. 1923ರಲ್ಲಿ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಒಂದು ಡೈನೋಸಾರ್‌ನ ಪಳೆಯುಳಿಕೆ ಸಿಕ್ಕಿತು. ಅದು ಮೊಟ್ಟೆಗಳ ಒಂದು ಗೂಡಿನ ಮೇಲೆಯೇ ಬಿದ್ದಿತ್ತು. ಆ ಮೊಟ್ಟೆಗಳು ಅದೇ ಜಾಗದಲ್ಲಿ ಜಾಸ್ತಿ ಸಿಗುತ್ತಿದ್ದ ಬೇರೊಂದು ಡೈನೋಸಾರ್‌ನವು ಅಂತ ವಿಜ್ಞಾನಿಗಳು ಅಂದುಕೊಂಡಿದ್ದರು. ಹಾಗಾದರೆ ಇದಕ್ಕೆ ಅಲ್ಲೇನು ಕೆಲಸ? ಕದಿಯಲು ಬಂದಿರಬೇಕು. 1924ರಲ್ಲಿ ಇದಕ್ಕೆ ಓವಿರಾಪ್ಟರ್ ಅಂತ ಹೆಸರಿಟ್ಟರು. ಮೊಟ್ಟೆ ಕಳ್ಳ ಅಂತ ಅದರ ಅರ್ಥ. ಸುಮಾರು ಎಪ್ಪತ್ತು ವರ್ಷ ಅದು ಕಳ್ಳನಾಗಿಯೇ ಉಳಿಯಿತು. 1993ರಲ್ಲಿ ಅಂಥದ್ದೇ ಒಂದು ಮೊಟ್ಟೆಯ ಒಳಗೆ ಭ್ರೂಣ ಸಿಕ್ಕಿತು. ನೋಡಿದರೆ ಅದು ಓವಿರಾಪ್ಟರ್ ಬಳಗದ ಮರಿ. ಅದೇ ಬಳಗದ ಪ್ರಾಣಿಗಳು ಕಾವು ಕೊಡುವ ಭಂಗಿಯಲ್ಲಿ ಗೂಡಿನ ಮೇಲೆ ಕೂತಿರುವ ಪಳೆಯುಳಿಕೆಗಳೂ ಸಿಕ್ಕವು. ಕಳ್ಳ ಅಂದುಕೊಂಡದ್ದು ತನ್ನದೇ ಮೊಟ್ಟೆಗಳ ಬಳಿ ಇದ್ದ ಜೀವವಾಗಿತ್ತು.

ಈಗ ಪ್ರಶ್ನೆ ಕೇಳಿ. ಉಳಿದದ್ದು ಏನು? ಮೊದಲು ಸಿಕ್ಕ ಆ ಮೂಳೆ, ಆ ಮೊಟ್ಟೆ, ಅವು ಇದ್ದ ಜಾಗ. ಒಂದೂ ಅಲುಗಾಡಲಿಲ್ಲ. ಹಳೆಯ ಅರ್ಥ, ಕಳ್ಳತನ. ಹೊಸ ಅರ್ಥ, ಕಾವಲು. ಆಧಾರ, ಭ್ರೂಣ. ಹಾಗಾಗಿ

“ಓವಿರಾಪ್ಟರ್‌ನ ಆ ಹಳೆಯ ಪಳೆಯುಳಿಕೆಯನ್ನು ವಿಜ್ಞಾನಿಗಳು 1990ರ ದಶಕದಲ್ಲಿ ಮರುವ್ಯಾಖ್ಯಾನಿಸಿದರು”

ಅಂತ ಬರೆದರೆ ವಾಕ್ಯದ ಪ್ರತಿ ಪದವೂ ನಿಲ್ಲುತ್ತದೆ. ‘ಓವಿರಾಪ್ಟರ್ ಬಗ್ಗೆ ಹೊಸ ಮಾಹಿತಿ ಸಿಕ್ಕಿತು’ ಅಂತಲೂ ಬರೆಯಬಹುದು, ತಪ್ಪಲ್ಲ. ಆದರೆ ಅದೇ ಮೂಳೆಗಳು ಬೇರೆ ಕಥೆ ಹೇಳತೊಡಗಿದವು ಅನ್ನುವುದು ಅದರಲ್ಲಿ ಬರುವುದಿಲ್ಲ. ಈ ಪದ ಬೇಕಾಗುವುದು ಅಲ್ಲಿಗೇ.

ಹಾಸಿಗೆಯ ಜಾಹೀರಾತಿಗೆ ಬನ್ನಿ. ನಿದ್ದೆಗೆ ಇದ್ದ ಹಳೆಯ ಅರ್ಥ ಯಾವುದು? ನಿದ್ದೆ. ಹೊಸದು? ನಿದ್ದೆಯೇ. ಹಾಸಿಗೆ ಮೆತ್ತಗಿದೆ ಅಂತ ಹೇಳಬೇಕಿತ್ತು, ಅಷ್ಟೇ. ಅದನ್ನೇ ಚೆನ್ನಾಗಿ ಹೇಳಿದ್ದರೆ ಓದುವವರಿಗೆ ಹಾಸಿಗೆಯಾದರೂ ಕಾಣುತ್ತಿತ್ತು.

ವ್ಯಾಖ್ಯೆ ಬೇರೆ, ವ್ಯಾಖ್ಯಾನ ಬೇರೆ

ಅತಿ ಹೆಚ್ಚು ಗೊಂದಲ ಆಗುವುದು ಇಲ್ಲಿ. ವ್ಯಾಖ್ಯೆ ಅಂದರೆ ಒಂದು ಪದ ಅಥವಾ ವಸ್ತು ಇಂಥದ್ದು ಅಂತ ಗೆರೆ ಎಳೆದು ಹೇಳುವುದು. ತ್ರಿಭುಜದ ವ್ಯಾಖ್ಯೆ, ಗ್ರಹದ ವ್ಯಾಖ್ಯೆ, ಕಾನೂನಿನಲ್ಲಿ ‘ಬಾಡಿಗೆದಾರ’ ಅಂದರೆ ಯಾರು ಅನ್ನುವ ವ್ಯಾಖ್ಯೆ. ವ್ಯಾಖ್ಯಾನ ಅಂದರೆ ಈಗಾಗಲೇ ಇರುವ ಮಾತು, ಬರಹ, ಘಟನೆಗೆ ಅರ್ಥ ಬಿಡಿಸುವುದು. ವ್ಯಾಖ್ಯೆ ಬೇಲಿ ಹಾಕುತ್ತದೆ. ವ್ಯಾಖ್ಯಾನ ಬೇಲಿಯೊಳಗೆ ಹೋಗಿ ಏನಿದೆ ಅಂತ ನೋಡುತ್ತದೆ.

ಗೊಂದಲ ಯಾಕೆ ಬಂತು? ನನ್ನ ಊಹೆ ಇಷ್ಟು. ‘ವ್ಯಾಖ್ಯೆ’ಗೆ ದಿನಬಳಕೆಯ ಕ್ರಿಯಾಪದ ಇಲ್ಲ. ‘ವ್ಯಾಖ್ಯಿಸು’ ಅಂತ ಕೆಲವರು ಬರೆಯುತ್ತಾರೆ, ಆದರೆ ಅದು ಬಾಯಿಗೆ ಹತ್ತಲಿಲ್ಲ. ಹಾಗಾಗಿ ಎರಡೂ ಕೆಲಸಕ್ಕೆ ‘ವ್ಯಾಖ್ಯಾನಿಸು’ ಒಂದೇ ಸಾಕು ಅಂತ ಆಯಿತು. ಅದರ ಜೊತೆ ‘ಮರು’ವೂ ಎರಡು ಕಡೆ ಅಂಟಿಕೊಂಡಿತು.

2006ರಲ್ಲಿ ಪ್ರಾಗ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ‘ಗ್ರಹ’ ಅಂದರೆ ಏನು ಅಂತ ಹೊಸ ವ್ಯಾಖ್ಯೆ ಕೊಟ್ಟಿತು. ಪ್ಲೂಟೊ ಆ ಬೇಲಿಯಿಂದ ಹೊರಗೆ ಬಿತ್ತು, ಕುಬ್ಜ ಗ್ರಹ ಆಯಿತು. ಕಿಲೋಗ್ರಾಂ ಕಥೆಯೂ ಹಾಗೆಯೇ. 1889ರಿಂದ ಪ್ಯಾರಿಸ್ ಹತ್ತಿರ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಉರುಳೆಯ ತೂಕವೇ ಒಂದು ಕಿಲೋ ಆಗಿತ್ತು. 2019ರ ಮೇ 20ರಿಂದ ಅದನ್ನು ಪ್ಲಾಂಕ್ ಸ್ಥಿರಾಂಕ ಅನ್ನುವ, ಎಂದೂ ಬದಲಾಗದ ಭೌತಶಾಸ್ತ್ರದ ಸಂಖ್ಯೆಯ ಮೂಲಕ ಹೇಳುತ್ತಾರೆ. ಇವೆರಡರಲ್ಲೂ ಆದದ್ದು ವ್ಯಾಖ್ಯೆಯ ಬದಲಾವಣೆ. ಬರೆಯುವಾಗ ‘ಗ್ರಹದ ವ್ಯಾಖ್ಯೆಯನ್ನು ಬದಲಿಸಿದರು’, ‘ಕಿಲೋಗ್ರಾಂಗೆ ಹೊಸ ವ್ಯಾಖ್ಯೆ ಕೊಟ್ಟರು’ ಅನ್ನಿ. ಓದುವವರಿಗೆ ಏನಾಯಿತು ಅಂತ ನೇರವಾಗಿ ಗೊತ್ತಾಗುತ್ತದೆ. ‘ಮರುವ್ಯಾಖ್ಯಾನಿಸಿದರು’ ಅಂದರೆ ಪ್ಲೂಟೊವನ್ನು ಯಾರೋ ಕವಿತೆಯ ಹಾಗೆ ಓದಿದರೇನೋ ಅನಿಸುತ್ತದೆ.

ಕೆಲವರು ನನ್ನನ್ನು ಕೇಳುತ್ತಾರೆ, ಪತ್ರಿಕೆಗಳು ಎರಡಕ್ಕೂ ಇದನ್ನೇ ಬಳಸುತ್ತವಲ್ಲ, ರೂಢಿಗೆ ಬಂದ ಮೇಲೆ ಸರಿಯೇ ಅಲ್ವಾ ಅಂತ. ಓದುವಾಗ ಸರಿ ಅಂತಲೇ ತೆಗೆದುಕೊಳ್ಳಿ. ಬರೆಯುವಾಗ ಮಾತ್ರ ಎರಡನ್ನೂ ಬೇರೆ ಇಟ್ಟುಕೊಳ್ಳಿ. ಇರುವ ಎರಡು ಪದವನ್ನು ಒಂದು ಮಾಡಿಕೊಂಡು ನಮಗೆ ಸಿಗುವ ಲಾಭ ಏನೂ ಇಲ್ಲ.

ತಿದ್ದುಪಡಿಯೂ ಇದಲ್ಲ

ನಾನೇ ಒಮ್ಮೆ ಎಡವಿದ ಜಾಗ ಇದು. ಕಾನೂನಿನ ಬಗ್ಗೆ ಒಂದು ಲೇಖನ ತಿದ್ದುವಾಗ ‘ಸಂಸತ್ತು ಸಂವಿಧಾನವನ್ನು ಮರುವ್ಯಾಖ್ಯಾನಿಸಿತು’ ಅನ್ನುವ ವಾಕ್ಯವನ್ನು ಹಾಗೇ ಬಿಟ್ಟಿದ್ದೆ. ಅಚ್ಚಾದ ಮೇಲೆ ಓದುಗರೊಬ್ಬರು ಬರೆದು ಕೇಳಿದರು, ಅದು ಸಂಸತ್ತಿನ ಕೆಲಸವೇ ಅಂತ. ಅವರು ಕೇಳಿದ್ದು ಸರಿ. ಸಂಸತ್ತು ಮಾಡುವುದು ತಿದ್ದುಪಡಿ. ಅರ್ಥ ಬಿಡಿಸುವುದು ನ್ಯಾಯಾಲಯ.

ಎರಡರ ವ್ಯತ್ಯಾಸ ತಿಳಿಯಲು ಸಂವಿಧಾನದ 21ನೇ ವಿಧಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಕಾನೂನು ಹೇಳಿದ ಕ್ರಮದಲ್ಲಲ್ಲದೆ ಯಾರ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಸಿದುಕೊಳ್ಳುವಂತಿಲ್ಲ ಅನ್ನುವುದು ಅದರ ತಿರುಳು. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತುಂಬಾ ಕಿರಿದಾಗಿ ಓದಿತು. ಕಾನೂನು ಒಂದು ಕ್ರಮ ಹೇಳಿದೆ ಅಂದರೆ ಸಾಕು ಅನ್ನುವ ಹಾಗೆ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಅದೇ ಮಾತನ್ನು ಇನ್ನೊಂದು ರೀತಿ ಓದಿತು. ಕ್ರಮ ಇದ್ದರೆ ಸಾಲದು, ಅದು ನ್ಯಾಯವಾಗಿಯೂ ಇರಬೇಕು ಅಂದಿತು. 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವೂ ಆ ವಿಧಿಯೊಳಗೆ ಇದೆ ಅಂದಿತು. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ಇಷ್ಟೆಲ್ಲ ಆದರೂ 21ನೇ ವಿಧಿಯ ಒಂದು ಅಕ್ಷರವೂ ಬದಲಾಗಿಲ್ಲ. ಅರ್ಥ ಮಾತ್ರ ಅಗಲವಾಗುತ್ತಾ ಹೋಯಿತು. ಇದನ್ನು ಮರುವ್ಯಾಖ್ಯಾನ ಅನ್ನದೆ ಇನ್ನೇನು ಅನ್ನುವುದು?

ಶಿಕ್ಷಣದ ವಿಷಯದಲ್ಲಿ ಎರಡೂ ಒಂದರ ಹಿಂದೆ ಒಂದು ನಡೆದವು. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ, 14 ವರ್ಷದ ತನಕ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು 21ನೇ ವಿಧಿಯಲ್ಲೇ ಅಡಗಿದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದು ಮರುವ್ಯಾಖ್ಯಾನ. 2002ರಲ್ಲಿ 86ನೇ ತಿದ್ದುಪಡಿಯ ಮೂಲಕ ಸಂಸತ್ತು 21ಎ ಅನ್ನುವ ಹೊಸ ವಿಧಿಯನ್ನೇ ಸೇರಿಸಿತು. ಅದು ತಿದ್ದುಪಡಿ. ಅಕ್ಷರ ಹಾಗೇ ಇದ್ದು ಅರ್ಥ ಬದಲಾದರೆ ಒಂದು, ಅಕ್ಷರವೇ ಬದಲಾದರೆ ಇನ್ನೊಂದು. ಕಂಪನಿಯ ನಿಯಮ, ಸಂಘದ ಬೈಲಾ, ಆಟದ ನಿಯಮ, ಯಾವುದರ ಬಗ್ಗೆ ಬರೆಯುವಾಗಲೂ ಇದೇ ಅಳತೆ ಸಾಕು.

ಕಥೆಯೇ ಬದಲಾದರೆ?

ಸಾಹಿತ್ಯಕ್ಕೆ ಬಂದಾಗ ಅಳತೆ ಇಷ್ಟು ಸಲೀಸಾಗಿ ಕೂರುವುದಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸುಲಭದ ತುದಿಯಲ್ಲಿ ಯಕ್ಷಗಾನದ ಒಂದು ಬಗೆಯಾದ ತಾಳಮದ್ದಳೆ ಇದೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿ ಕೂತಲ್ಲೇ ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುವ ಸನ್ನಿವೇಶ ತೆಗೆದುಕೊಳ್ಳಿ. ಒಬ್ಬರ ವಾಲಿ ಅನ್ಯಾಯಕ್ಕೆ ಸಿಟ್ಟಾದ ರಾಜ. ಇನ್ನೊಬ್ಬರ ವಾಲಿ ರಾಮನ ಕೈಯಲ್ಲಿ ಸಾಯುವುದನ್ನೇ ಬಯಸಿದ ಭಕ್ತ. ಪದ್ಯ ಅದೇ, ತಾಳ ಅದೇ. ಇಡೀ ರಾತ್ರಿ ಕೂತು ಕೇಳುವವರು ಕಾಯುವುದು ಈ ಅರ್ಥಕ್ಕೆ. ‘ಮರುವ್ಯಾಖ್ಯಾನಿಸು’ ಅನ್ನುವ ಪದವನ್ನು ಯಾರೂ ಅಲ್ಲಿ ಬಳಸುವುದಿಲ್ಲ, ‘ಅರ್ಥ ಹೇಳಿದರು’ ಅನ್ನುತ್ತಾರೆ. ಆದರೆ ಈ ಪದ ಹೇಳುವ ಕೆಲಸವನ್ನು ಅಷ್ಟು ಶುದ್ಧವಾಗಿ ಮಾಡುವ ಜಾಗ ಇನ್ನೊಂದಿಲ್ಲ.

ಇನ್ನೊಂದು ತುದಿಯಲ್ಲಿ ಕಥೆಯನ್ನೇ ತಿರುಗಿಸಿದ ಕವಿಗಳಿದ್ದಾರೆ. ಹತ್ತನೇ ಶತಮಾನದ ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನನ ಜೊತೆ ಒಂದು ಮಾಡಿ ಕಾವ್ಯ ಕಟ್ಟಿದ್ದರಿಂದ ಅವನಿಗೆ ಅದು ಬೇಕಿತ್ತು. ಕುವೆಂಪು 1944ರ ‘ಶೂದ್ರ ತಪಸ್ವಿ’ ನಾಟಕದಲ್ಲಿ, ತಪಸ್ಸು ಮಾಡುತ್ತಿದ್ದ ಶೂದ್ರ ಶಂಬೂಕನನ್ನು ಸಾಯಲು ಬಿಡಲಿಲ್ಲ. ರಾಮ ಬಿಟ್ಟ ಅಸ್ತ್ರ ತಪಸ್ವಿಯನ್ನು ಬಿಟ್ಟು ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗುತ್ತದೆ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ರಾಮ ಶಂಬೂಕನನ್ನು ಕೊಲ್ಲುತ್ತಾನೆ.

ಮೊದಲ ಪ್ರಶ್ನೆ ಇಲ್ಲಿ ತೊಡಕಾಗುತ್ತದೆ. ಹಾಗೇ ಉಳಿದದ್ದು ಏನು? ಘಟನೆಯೇ ಬದಲಾಗಿದೆಯಲ್ಲ? ಹಾಗಾದರೆ ಇದನ್ನು ಮರುವ್ಯಾಖ್ಯಾನ ಅನ್ನಬಹುದೇ?

ತುಂಬಾ ದಿನ ಯೋಚಿಸಿದ ಮೇಲೆ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಸಾಹಿತ್ಯದಲ್ಲಿ ಹಾಗೇ ಉಳಿಯುವುದು ಪುಸ್ತಕದ ಅಕ್ಷರ ಅಲ್ಲ, ಓದುವವರ ಮನಸ್ಸಿನಲ್ಲಿ ಮೊದಲೇ ಇರುವ ಕಥೆ. ಶಂಬೂಕ ಸತ್ತ ಅಂತ ಗೊತ್ತಿರುವವರಿಗೆ ಮಾತ್ರ ಅವನು ಬದುಕಿದ್ದು ತಟ್ಟುತ್ತದೆ. ಹಳೆಯ ಕಥೆ ಗೊತ್ತಿಲ್ಲದೆ ನಾಟಕ ನೋಡಿದವರಿಗೆ ಅದು ಒಂದು ಕಥೆ ಅಷ್ಟೇ, ಮರುಮಾತು ಅಲ್ಲ. ಅಂದರೆ ಹಳೆಯದು ಇಲ್ಲೂ ಇದೆ, ಆದರೆ ಪುಟದ ಮೇಲೆ ಇಲ್ಲ, ಓದುವವರ ಒಳಗಿದೆ. ಹಾಗಾಗಿ ಬರೆಯುವಾಗ ನಾನು ಬೇರೆ ಮಾಡಿ ಬರೆಯುತ್ತೇನೆ: ‘ಕುವೆಂಪು ಶಂಬೂಕನ ಕಥೆಯನ್ನು ಮರುಸೃಷ್ಟಿಸಿದರು’, ‘ಆ ಮೂಲಕ ರಾಮನ ಧರ್ಮವನ್ನು ಮರುವ್ಯಾಖ್ಯಾನಿಸಿದರು’. ಘಟನೆಗೆ ಒಂದು ಪದ, ಅರ್ಥಕ್ಕೆ ಇನ್ನೊಂದು.

ಮರುಕಥನ, ಮರುನಿರೂಪಣೆ ಅನ್ನುವ ಪದಗಳನ್ನೂ ಇಲ್ಲೇ ಇಟ್ಟುಕೊಳ್ಳಿ. ಅಜ್ಜಿ ಹೇಳಿದ ಕಥೆಯನ್ನು ಮಕ್ಕಳಿಗಾಗಿ ಸರಳವಾಗಿ ಬರೆದರೆ ಅದು ಮರುಕಥನ. ಹೊಸ ಅರ್ಥ ಏನೂ ಇರಬೇಕಿಲ್ಲ. ಅದನ್ನೂ ‘ಮರುವ್ಯಾಖ್ಯಾನ’ ಅಂತ ಬೆನ್ನುಡಿಯಲ್ಲಿ ಹಾಕಿದರೆ, ಓದುವವರು ಇಲ್ಲದ್ದನ್ನು ಹುಡುಕುತ್ತಾ ಇರುವ ಒಳ್ಳೆಯದನ್ನು ಕಳೆದುಕೊಳ್ಳುತ್ತಾರೆ.

ವಾಕ್ಯ ಕಟ್ಟುವ ಹೆಜ್ಜೆ

ಪದ ಸರಿ ಅಂತ ಗೊತ್ತಾದ ಮೇಲೆ ವಾಕ್ಯ. ಇದು ಸಕರ್ಮಕ ಕ್ರಿಯಾಪದ. ಯಾರು, ಯಾವುದನ್ನು ಎರಡೂ ಬೇಕು. ಮೂರನೆಯದಾಗಿ ‘ಏನೆಂದು’ ಅಥವಾ ‘ಏನಾಗಿ’ ಅನ್ನುವುದು ಬಂದರೆ ವಾಕ್ಯಕ್ಕೆ ಜೀವ ಬರುತ್ತದೆ.

“ಆ ಸೋಲನ್ನು ಇತಿಹಾಸಕಾರರು ಹಿಂಜರಿಕೆಯಲ್ಲ, ತಂತ್ರ ಎಂದು ಮರುವ್ಯಾಖ್ಯಾನಿಸಿದ್ದಾರೆ.”

ಯಾರು, ಯಾವುದನ್ನು, ಹಳೆಯ ಅರ್ಥ, ಹೊಸ ಅರ್ಥ, ನಾಲ್ಕೂ ಒಂದೇ ಸಾಲಿನಲ್ಲಿ ಬಂದವು. ‘ಎಂದು’ ಬಿಟ್ಟು ಬರೆದರೆ ಓದುವವರು ‘ಏನಂತ?’ ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಮುಂದಿನ ವಾಕ್ಯದಲ್ಲಾದರೂ ಇರಲೇಬೇಕು.

‘ಬಗ್ಗೆ’, ‘ಕುರಿತು’ ಜೊತೆ ಈ ಕ್ರಿಯಾಪದ ಹೋಗುವುದಿಲ್ಲ. ‘ಇತಿಹಾಸದ ಬಗ್ಗೆ ಮರುವ್ಯಾಖ್ಯಾನಿಸಿದರು’ ತಪ್ಪು. ‘ಇತಿಹಾಸವನ್ನು ಮರುವ್ಯಾಖ್ಯಾನಿಸಿದರು’ ಅನ್ನಿ. ನಾಮಪದ ಆದಾಗ ‘ಇತಿಹಾಸದ ಮರುವ್ಯಾಖ್ಯಾನ’.

ತನ್ನ ಬಗ್ಗೆ ತಾನೇ ಇರುವ ತಿಳಿವಳಿಕೆ ಬದಲಿಸಿಕೊಂಡರೆ ‘ಕೊಳ್ಳು’ ಸೇರಿಸಿ: ‘ನಿವೃತ್ತಿಯಾದ ಮೇಲೆ ಅವರು ತಮ್ಮ ಬದುಕನ್ನು ಮರುವ್ಯಾಖ್ಯಾನಿಸಿಕೊಂಡರು’. ಈ ‘ಕೊಳ್ಳು’ ಕನ್ನಡದ ದೊಡ್ಡ ಅನುಕೂಲ. ಬೇರೆಯವರಿಂದ ಮಾಡಿಸುವುದಕ್ಕೆ ಮಾತ್ರ ಇನ್ನೊಂದು ‘ಇಸು’ ಹಚ್ಚಲು ಆಗುವುದಿಲ್ಲ. ‘ಮರುವ್ಯಾಖ್ಯಾನ ಮಾಡಿಸು’ ಅಂತ ಬಿಡಿಸಿ ಬರೆಯಬೇಕು.

ಇನ್ನು ‘ಲಾಗಿದೆ’. ಇದು ನನ್ನನ್ನು ನಿಜವಾಗಿ ಕಾಡುವ ವಿಷಯ. ‘ಈ ಕೃತಿಯಲ್ಲಿ ಪುರಾಣವನ್ನು ಮರುವ್ಯಾಖ್ಯಾನಿಸಲಾಗಿದೆ’ ಅಂತ ಬರೆದಾಗ, ಯಾರು ಮಾಡಿದರು ಅನ್ನುವುದೇ ಮಾಯ. ಅರ್ಥ ಕೊಡುವುದಕ್ಕೆ ಒಬ್ಬ ಮನುಷ್ಯ ಬೇಕು. ಅವನಿಗೆ ಒಂದು ನಿಲುವು ಇರುತ್ತದೆ, ಆ ನಿಲುವಿಗೆ ಅವನು ಹೊಣೆ. ಗಮಕದಲ್ಲಿ ವ್ಯಾಖ್ಯಾನ ಮಾಡುವವರು ನಮ್ಮ ಎದುರಿಗೇ ಕೂತಿರುತ್ತಾರಲ್ಲ, ಹಾಗೆ ವಾಕ್ಯದಲ್ಲೂ ಕೂರಿಸಿ. ಮಾಡಿದವರು ಯಾರು ಅಂತ ಗೊತ್ತೇ ಇಲ್ಲದಿದ್ದಾಗ ಮಾತ್ರ ‘ಲಾಗಿದೆ’ ಇರಲಿ. ‘ಮರುವ್ಯಾಖ್ಯಾನಿಸಲ್ಪಟ್ಟಿತು’ ಬೇಡವೇ ಬೇಡ.

ಉದ್ದದ ಬಗ್ಗೆಯೂ ಒಂದು ಮಾತು. ‘ಮರುವ್ಯಾಖ್ಯಾನಿಸಿದ್ದಾರೆ’ ಎಂಟು ಅಕ್ಷರ, ಅದರಲ್ಲಿ ಒತ್ತಕ್ಷರ ಮೂರು. ‘ಮರುವ್ಯಾಖ್ಯಾನಿಸಲಾಗುತ್ತಿದೆ’ ಹತ್ತು. ಒಂದು ಪ್ಯಾರಾದಲ್ಲಿ ಒಂದು ಸಲ ಬಂದರೆ ತೂಕ ಇರುತ್ತದೆ, ಮೂರು ಸಲ ಬಂದರೆ ಓದುವವರ ಉಸಿರು ಕಟ್ಟುತ್ತದೆ. ಮೊದಲ ಸಲ ಈ ಪದ, ಆಮೇಲೆ ‘ಹೊಸ ಅರ್ಥ ಕೊಟ್ಟರು’, ‘ಬೇರೆ ಥರ ಓದಿದರು’ ಅಂತ ಬದಲಿಸಿ. ಭಾಷಣಕ್ಕಾದರೆ ಮೊದಲಿಂದಲೇ ‘ಹೊಸ ಅರ್ಥ ಕೊಟ್ಟರು’ ಸಾಕು. ಬಾಯಿಗೂ ಸುಲಭ, ಕಿವಿಗೂ ಸುಲಭ.

ಕಾಗುಣಿತ ಬೇಗ ಮುಗಿಸುತ್ತೇನೆ. ‘ವ್ಯಾ’ದಲ್ಲಿ ಯ ಒತ್ತು, ‘ಖ್ಯಾ’ದಲ್ಲಿ ಮಹಾಪ್ರಾಣ ಮತ್ತು ಯ ಒತ್ತು. ವಾಖ್ಯಾನ, ವ್ಯಾಕ್ಯಾನ ಎರಡೂ ತಪ್ಪು. ‘ಮರು’ ಮತ್ತು ‘ವ್ಯಾಖ್ಯಾನ’ದ ನಡುವೆ ಜಾಗ ಬಿಡಬೇಡಿ. ‘ಪುನರ್ವ್ಯಾಖ್ಯಾನ’ವೂ ಸರಿಯೇ, ಎರಡೂ ಭಾಗ ಸಂಸ್ಕೃತ. ‘ಮರುವ್ಯಾಖ್ಯಾನ’ದಲ್ಲಿ ಕನ್ನಡ ಸಂಸ್ಕೃತ ಬೆರೆತಿವೆ, ಹಳೆಯ ವ್ಯಾಕರಣಕಾರರು ಇಂಥ ಜೋಡಿಯನ್ನು ಅರಿಸಮಾಸ ಅಂದರು, ಕೂಡದು ಅಂದರು. ಆದರೆ ಹದಿಮೂರನೇ ಶತಮಾನದ ವ್ಯಾಕರಣಕಾರ ಕೇಶಿರಾಜನೂ ರೂಢಿಗೆ ಬಂದ ಕೆಲವನ್ನು ಒಪ್ಪಿದ್ದಾನೆ. ಮರುದಿನ, ಮರುಜನ್ಮ ನಮಗೆ ಒಗ್ಗಿದ ಮೇಲೆ ಇದಕ್ಕೇನು ಅಡ್ಡಿ? ಒಂದು ಬರಹದಲ್ಲಿ ಎರಡರಲ್ಲಿ ಒಂದನ್ನೇ ಬಳಸಿ, ಅಷ್ಟು ಸಾಕು.

ಪಕ್ಕದ ಮನೆಯ ಪದಗಳು

‘ಅರ್ಥೈಸು’ ಹತ್ತಿರದ ನೆಂಟ. ‘ಮರು’ ಬೇಡದೆ ಬರೀ ಅರ್ಥ ಬಿಡಿಸುವುದಷ್ಟೇ ಇದ್ದರೆ ಇದನ್ನು ಬಳಸಿ. ‘ಅರ್ಥೈಸಿಕೊಳ್ಳು’ ಅಂದರೆ ತಾನು ತಿಳಿದುಕೊಳ್ಳುವುದು, ಬೇರೆಯವರಿಗೆ ಹೇಳುವುದಲ್ಲ. ‘ಮರುಓದು’ ಇನ್ನೂ ಮೆತ್ತಗಿನ ಪದ. ಮತ್ತೆ ಓದಿ ನೋಡಿದೆ, ಹೊಸದು ಸಿಕ್ಕಬಹುದು, ಸಿಗದೆಯೂ ಇರಬಹುದು ಅನ್ನುವ ವಿನಯ ಅದರಲ್ಲಿದೆ. ವಿದ್ಯಾರ್ಥಿಗಳ ಪ್ರಬಂಧಕ್ಕೆ ಎಷ್ಟೋ ಸಲ ಇದೇ ಹೆಚ್ಚು ಸರಿಹೊಂದುತ್ತದೆ.

‘ಟೀಕೆ’ಯ ಕಥೆ ನೋಡಿ. ಟೀಕು, ತಾತ್ಪರ್ಯ ಅನ್ನುವಾಗ ಅದು ವಿವರಣೆಯೇ. ಈಗ ಟೀಕೆ ಅಂದರೆ ತಪ್ಪು ಹುಡುಕಿ ಬಯ್ಯುವುದು. ಅರ್ಥ ಬಿಡಿಸುವ ಪದವೇ ತನ್ನ ಅರ್ಥ ಬದಲಿಸಿಕೊಂಡಿದೆ. ‘ಮರುವ್ಯಾಖ್ಯಾನಿಸು’ಗೂ ಹಾಗಾಗದಿರಲಿ ಅಂತಲೇ ನಾನು ಇಷ್ಟು ಬರೆಯುತ್ತಿರುವುದು.

ಎಚ್ಚರ ಬೇಕಾದ ನೆರೆಯವನು ‘ತಿರುಚು’. ಒಬ್ಬರು ಆಡಿದ ಮಾತಿನ ಹಿಂದುಮುಂದು ಕತ್ತರಿಸಿ ಬೇರೆ ಅರ್ಥ ಹಚ್ಚಿದರೆ ಅದು ಮರುವ್ಯಾಖ್ಯಾನ ಅಲ್ಲ, ತಿರುಚುವುದು. ಎರಡರಲ್ಲೂ ಅರ್ಥ ಬದಲಾಗುತ್ತದೆ, ಹಾಗಾಗಿ ಹೊರಗಿನಿಂದ ಒಂದೇ ಥರ ಕಾಣುತ್ತದೆ. ಮರುವ್ಯಾಖ್ಯಾನಿಸುವವರು ಹಳೆಯ ಅರ್ಥವನ್ನು ಎದುರಿಗಿಟ್ಟು, ನನ್ನದು ಇದು, ಕಾರಣ ಇದು ಅನ್ನುತ್ತಾರೆ. ತಿರುಚುವವರು ಹಳೆಯದನ್ನು ಬಚ್ಚಿಡುತ್ತಾರೆ, ಮೊದಲಿಂದಲೂ ಇದೇ ಇತ್ತು ಅನ್ನುತ್ತಾರೆ. ಸುದ್ದಿ ಬರೆಯುವವರು ತಿರುಚಿದ್ದಕ್ಕೆ ಮರ್ಯಾದೆಯ ಪದ ಕೊಡಬಾರದು.

ಒಂದು ವಾಕ್ಯದ ರಿಪೇರಿ

ಇತ್ತೀಚೆಗೆ ಹೊಸದಾಗಿ ಬರೆಯಲು ಶುರುಮಾಡಿದ ಒಬ್ಬರು ಒಂದು ಕಥಾಸಂಕಲನಕ್ಕೆ ಬೆನ್ನುಡಿ ಬರೆದು ಕಳಿಸಿದ್ದರು. ಮೊದಲ ವಾಕ್ಯ ಹೀಗಿತ್ತು:

“ಈ ಕೃತಿಯ ಮೂಲಕ ಲೇಖಕಿಯು ಸ್ತ್ರೀ ಪಾತ್ರದ ಕುರಿತಾಗಿ ಮರುವ್ಯಾಖ್ಯಾನವನ್ನು ಮಾಡಲಾಗಿದೆ.”

ಫೋನ್ ಮಾಡಿದೆ. ‘ಲೇಖಕಿಯು’ ಅಂತ ಶುರುವಾಗಿ ‘ಮಾಡಲಾಗಿದೆ’ ಅಂತ ಮುಗಿದರೆ ತಲೆ ಒಂದು ಕಡೆ, ಕಾಲು ಒಂದು ಕಡೆ ಆಗುತ್ತದೆ ಅಂದೆ. ಅವರು ತಕ್ಷಣ ಬದಲಿಸಿದರು: ‘ಲೇಖಕಿ ಸ್ತ್ರೀ ಪಾತ್ರವನ್ನು ಮರುವ್ಯಾಖ್ಯಾನಿಸಿದ್ದಾರೆ.’ ವ್ಯಾಕರಣ ಸರಿಹೋಯಿತು. ಓದಿದರೆ ಇನ್ನೂ ಏನೂ ಕಾಣುತ್ತಿಲ್ಲ.

“ಯಾವ ಸ್ತ್ರೀ ಪಾತ್ರ?” ಅಂತ ಕೇಳಿದೆ.

“ಅಹಲ್ಯೆ, ಸರ್. ಮೊದಲ ಕಥೆಯಲ್ಲಿ ಬರುತ್ತಾಳೆ.”

“ಅಹಲ್ಯೆಯ ಯಾವ ವಿಷಯ ಹಾಗೇ ಇದೆ?”

“ಕಲ್ಲಾಗುವುದು. ಅದನ್ನು ಅವರು ಬದಲಿಸಿಲ್ಲ.”

“ನಾವು ಮೊದಲು ಅದನ್ನು ಹೇಗೆ ತಿಳಿದಿದ್ದೆವು?”

“ಶಾಪ ಅಂತ.”

“ಇವರು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇವರ ಕಥೆಯಲ್ಲಿ ಶಾಪ ಕೊಟ್ಟರೂ ಅದು ಅವಳಿಗೆ ತಟ್ಟುವುದಿಲ್ಲ, ಸರ್. ಇನ್ನು ಯಾರ ಜೊತೆಗೂ ಮಾತಾಡುವುದಿಲ್ಲ ಅಂತ ಅವಳೇ ತೀರ್ಮಾನ ಮಾಡುತ್ತಾಳೆ. ಊರಿನವರು ಅದನ್ನೇ ಕಲ್ಲಾದಳು ಅನ್ನುತ್ತಾರೆ.”

“ನೀವು ಈಗ ಹೇಳಿದ್ದನ್ನೇ ಬರೆಯಿರಿ” ಅಂದೆ.

ಸಂಜೆ ಎರಡು ವಾಕ್ಯ ಬಂದವು, ಯಾವುದು ಇರಲಿ ಅಂತ ಕೇಳಿದ್ದರು. ಒಂದು: “ಅಹಲ್ಯೆ ಕಲ್ಲಾದದ್ದನ್ನು ಲೇಖಕಿ ಶಾಪವಲ್ಲ, ಅವಳೇ ಆರಿಸಿಕೊಂಡ ಮೌನ ಎಂದು ಮರುವ್ಯಾಖ್ಯಾನಿಸಿದ್ದಾರೆ.” ಇನ್ನೊಂದು: “ಈ ಕಥೆಯ ಅಹಲ್ಯೆ ಶಾಪದಿಂದ ಕಲ್ಲಾದವಳಲ್ಲ, ಮಾತು ಬೇಡವೆಂದು ಕಲ್ಲಾದವಳು.” ಮೊದಲನೆಯದನ್ನು ಒಳಗಿನ ಮುನ್ನುಡಿಗೆ ಇಟ್ಟುಕೊಂಡೆವು. ಬೆನ್ನುಡಿಗೆ ಎರಡನೆಯದು ಹೋಯಿತು.